ಎರಡು ಲೆಕ್ಕದ ಪುಸ್ತಕಗಳ ನಡುವೆ: ಬತ್ತೇರಿ–ಗುಂಡ್ಲುಪೇಟೆ ದಾರಿಯಲ್ಲಿ ಚೀಟಿಯಿಂದ ಇ-ಇನ್‌ವಾಯ್ಸ್‌ವರೆಗೆ

(ಆನ್‌ಲೈನ್ ವಿಚಾರ ಸಂಕಿರಣವೊಂದರಲ್ಲಿ ಮಂಡಿಸಿದ ಮಾತುಗಳ ಲಿಖಿತ ರೂಪ. ಆಡುಮಾತಿನ ರೂಪಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ. ಇಲ್ಲಿ ವಯನಾಡಿನಲ್ಲಿ ಮಳೆ, ಕರೆಂಟು ಹೋದರೆ ಎರಡು ನಿಮಿಷ ಕಾಯಬೇಕಾಗಿ ವಿನಂತಿ.

ಕನ್ನಡ ಎಂ.ಎ. ವಿದ್ಯಾರ್ಥಿಗೂ ಇ-ವೇ ಬಿಲ್ಲಿಗೂ ಏನು ಸಂಬಂಧ ಅಂತ ಶೀರ್ಷಿಕೆ ನೋಡಿದ ಕೂಡಲೇ ಕೆಲವರು ಕೇಳಿದರು. ಸಂಬಂಧ ಮನೆಯಿಂದ ಶುರುವಾಗುತ್ತದೆ. ನಮ್ಮದು ಸುಲ್ತಾನ್ ಬತ್ತೇರಿಯಲ್ಲಿರುವ ಕನ್ನಡ ಮಾತಾಡುವ ಮನೆ. ನಾನು ಓದಿದ್ದು ಮಲಯಾಳಂ ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಅಂಗಡಿಯಲ್ಲಿ, ತಾತನ ಲೆಕ್ಕದ ಪುಸ್ತಕ ನೋಡಿಕೊಂಡು. ನಾನು ಮೊದಲು ಕೂಡಿಸಿ ಓದಿದ ಕನ್ನಡ ಪದ ‘ಅರಿಶಿನ’, ಎರಡನೆಯದು ‘ಬಾಕಿ’. ಆ ಅರಿಶಿನ ಬರುತ್ತಿದ್ದದ್ದು ಗುಂಡ್ಲುಪೇಟೆಯಿಂದ. ಆ ಬಾಕಿಯ ಕಥೆಯೇ ಇವತ್ತಿನ ಪ್ರಬಂಧ.

ಸರಕು ಕಳಿಸುವವನ ಪುಸ್ತಕವೂ ಕೊಳ್ಳುವವನ ಪುಸ್ತಕವೂ ಒಂದೇ ಮಾತು ಹೇಳುವಂತೆ ಮಾಡೋದು ಹೇಗೆ? ವ್ಯಾಪಾರದ ಕಾಗದಪತ್ರಗಳ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿದೆ ಅನ್ನೋದು ನನ್ನ ವಾದ.

1. ದಾರಿ ಮತ್ತು ಸುಂಕ

ಮೊದಲು ದಾರಿಯ ವಿಷಯ. ಕನ್ನಡ ಶಾಸನಗಳಲ್ಲಿ ಬರುವ ‘ಬಯಲ್ನಾಡು’ ವಯನಾಡಿನ ಸೀಮೆಯೇ. ಬತ್ತೇರಿಗೆ ‘ಹನ್ನೆರಡು ಬೀದಿ’ ಎಂಬ ಹಳೆಯ ಹೆಸರಿದೆ. ಕನ್ನಡ ನಾಡಿನಿಂದ ಬಂದು ನೆಲೆಸಿದ ಜೈನರ ಬೀದಿಗಳು ಅವು. ಅವರ ಕಲ್ಲಿನ ಬಸದಿಯನ್ನು ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡು ಇಡಲು ಬಳಸಿದ್ದರಿಂದ ಊರಿಗೆ ‘ಸುಲ್ತಾನ್ಸ್ ಬ್ಯಾಟರಿ’ ಎಂಬ ಹೆಸರು ಬಂತು. ಅದೇ ನಮ್ಮ ಬಾಯಲ್ಲಿ ಬತ್ತೇರಿ. ಇಲ್ಲಿಂದ ಮುತ್ತಂಗ, ಮೂಲೆಹೊಳೆ, ಬಂಡೀಪುರದ ಕಾಡು ದಾಟಿದರೆ ಗುಂಡ್ಲುಪೇಟೆ, ಸುಮಾರು 55 ಕಿಲೋಮೀಟರು. ಗುಂಡ್ಲುಪೇಟೆಯಿಂದ ಮೈಸೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ದಾರಿ ಇದ್ದಲ್ಲಿ ಸುಂಕ ಇತ್ತು. ದೊಡ್ಡ ಸರಕಿನ ಸುಂಕಕ್ಕೆ ಶಾಸನಗಳಲ್ಲಿ ‘ಪೆರ್ಜುಂಕ’, ‘ಹೆಜ್ಜುಂಕ’ ಎಂಬ ಹೆಸರಿದೆ. ಚಿಲ್ಲರೆ ಸರಕಿನ ಸಣ್ಣ ಸುಂಕಕ್ಕೆ ‘ಕಿರುಕುಳ’ ಎಂಬ ಮಾತಿದೆ. ಇವತ್ತು ಆ ಪದಕ್ಕೆ ನಾವು ಕೊಡುವ ಅರ್ಥ ಬೇರೆ. ಆದರೆ ಸಣ್ಣ ವ್ಯಾಪಾರಿಗಳ ಮುಂದೆ ಇದನ್ನು ಹೇಳಿದಾಗ ಯಾರಿಗೂ ಆಶ್ಚರ್ಯ ಆಗಲಿಲ್ಲ, ನಕ್ಕರು ಅಷ್ಟೇ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೂ ಇದ್ದಾನೆ. ಅವನ ಕಾಯಕವೇ ಸುಂಕ ವಸೂಲಿ. ಆಮೇಲೆ ಪಾರಸಿಯಿಂದ ‘ರಹದಾರಿ’ ಬಂತು, ಇಂಗ್ಲಿಷಿನಿಂದ ‘ಪರ್ಮಿಟ್ಟು’ ಬಂತು. ಸರಕಿನ ಜೊತೆ ಒಂದು ಬರಹ ಹೋಗಬೇಕು, ನಡುದಾರಿಯಲ್ಲಿ ಯಾರೋ ಒಬ್ಬರು ಅದನ್ನು ಓದಬೇಕು ಅನ್ನೋ ವ್ಯವಸ್ಥೆ ಹೊಸದಲ್ಲ.

2. ತಾತನ ಐದು ಕಾಗದಗಳು

ತಾತನ ಅಂಗಡಿಯಲ್ಲಿ ಒಂದು ಮೂಟೆ ಅರಿಶಿನಕ್ಕೆ ಐದು ಬರಹಗಳು ಹುಟ್ಟುತ್ತಿದ್ದವು.

ಮೊದಲನೆಯದು ಆರ್ಡರ್ ಚೀಟಿ. ‘ಅರಿಶಿನ 2 ಚೀಲ, ಒಣಮೆಣಸಿನಕಾಯಿ 1, ಹುರಳಿ 1’ ಅಂತ ಬರೆದು ಗುಂಡ್ಲುಪೇಟೆ ಕಡೆ ಹೋಗುವ ಲಾರಿಯ ಡ್ರೈವರ್ ಕೈಲಿ ಕೊಡೋದು. ಎರಡನೆಯದು ಮೂಟೆಗಳ ಜೊತೆ ಬರುವ ರವಾನೆ ಚೀಟಿ. ಮೂರನೆಯದು ಬಿಲ್ಲು. ನಾಲ್ಕನೆಯದು, ಸರಕು ಇಳಿಸಿಕೊಂಡು ತೂಕ ನೋಡಿ, ರವಾನೆ ಚೀಟಿಯ ಹಿಂದೆ ‘ಮುಟ್ಟಿದೆ’ ಅಂತ ಬರೆದು ರುಜು ಹಾಕಿ ವಾಪಸ್ ಕಳಿಸೋದು. ಐದನೆಯದು ಹಣ ಕೊಟ್ಟ ರಸೀದಿ. ಈ ಐದರಲ್ಲಿ ತಾತನ ಪುಸ್ತಕಕ್ಕೆ ಏರುತ್ತಿದ್ದದ್ದು ಎರಡೋ ಮೂರೋ. ಉಳಿದವು ಗೋಡೆಯ ತಂತಿಗೆ ಚುಚ್ಚಿಕೊಂಡು ಇರುತ್ತಿದ್ದವು.

ಗುಂಡ್ಲುಪೇಟೆಯ ಆ ವ್ಯಾಪಾರಿಯ ಹೆಸರು ಇಲ್ಲಿ ಹೇಳೋದಿಲ್ಲ. ಮನೆಯಲ್ಲಿ ನಾವೆಲ್ಲ ‘ಅರಿಶಿನದ ಸಾಹುಕಾರರು’ ಅಂತಲೇ ಕರೆಯೋದು. ಸಾಹುಕಾರರೆಂದರೆ ದೊಡ್ಡ ಮಂಡಿಯೇನೂ ಅಲ್ಲ, ಒಂದು ಕೋಣೆಯ ಅಂಗಡಿ, ಹಿಂದೆ ಒಂದು ಗೋದಾಮು. ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಅವರು ಪುಸ್ತಕ ಹಿಡಿದುಕೊಂಡು ಬತ್ತೇರಿಗೆ ಬರುತ್ತಿದ್ದರು. ತಾತ ತಮ್ಮದು ತೆಗೆಯುತ್ತಿದ್ದರು. ಒಬ್ಬರು ಓದೋದು, ಇನ್ನೊಬ್ಬರು ‘ಸರಿ’ ಅನ್ನೋದು. ಸರಿ ಬಾರದ ಸಾಲು ಬಂದರೆ ಕಾಫಿ ಬರುತ್ತಿತ್ತು. ಸಾಯಂಕಾಲದೊಳಗೆ ಎರಡು ಪುಸ್ತಕವೂ ಒಂದೇ ಅಂಕಿಗೆ ಬಂದು ನಿಲ್ಲುತ್ತಿದ್ದವು.

ಸೋಪು, ಬಿಸ್ಕತ್ತಿನಂಥ ಸರಕು ಮೈಸೂರಿನ ಸಗಟು ವ್ಯಾಪಾರಿಗಳಿಂದ ಬರುವಾಗ ಇನ್ನೊಂದು ಕಾಗದ ಬೇಕಿತ್ತು, ಅದು ‘ಸಿ ಫಾರಂ’. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ ಪ್ರಕಾರ, ಬೇರೆ ರಾಜ್ಯದ ನೋಂದಾಯಿತ ವ್ಯಾಪಾರಿಗೆ ಮಾರಿದರೆ ತೆರಿಗೆಯ ದರ ಕಡಿಮೆ. ಬಹುಕಾಲ ಅದು 4%, 2008ರ ಹೊತ್ತಿಗೆ 2%ಕ್ಕೆ ಇಳಿಯಿತು. ಆದರೆ ಕೊಂಡವನು ತನ್ನ ರಾಜ್ಯದ ತೆರಿಗೆ ಕಚೇರಿಯಿಂದ ಸಿ ಫಾರಂ ತಂದು, ತುಂಬಿಸಿ, ಮಾರಿದವನಿಗೆ ಕಳಿಸಬೇಕು. ಫಾರಂ ಬರದಿದ್ದರೆ ಪೂರ್ತಿ ತೆರಿಗೆ ಮಾರಿದವನ ತಲೆಗೆ. ಹಾಗಾಗಿ ಸರಕು ಬಂದು ಖರ್ಚಾಗಿ ತಿಂಗಳುಗಳಾದ ಮೇಲೂ ‘ಸಿ ಫಾರಂ ಕಳಿಸಿಲ್ಲ’ ಅಂತ ಫೋನು ಬರುತ್ತಲೇ ಇತ್ತು. ‘ಸರಕು ಒಂದು ದಿನದಲ್ಲಿ ಕಾಡು ದಾಟ್ತದೆ, ಕಾಗದ ಆರು ತಿಂಗಳಾದರೂ ದಾಟಲ್ಲ’ ಅಂತ ತಾತ ಹೇಳೋರು.

3. ಬೇರೆ ದೇಶದಲ್ಲಿ ನಡೆದದ್ದು

ಇದೇ ತೊಂದರೆಯನ್ನು ಇನ್ನೊಂದು ಕಡೆ ಹೇಗೆ ಬಿಡಿಸಿದರು ಅಂತ ಚಿಕ್ಕದಾಗಿ ಹೇಳ್ತೀನಿ. 1948–49ರಲ್ಲಿ ಬರ್ಲಿನ್ ನಗರಕ್ಕೆ ರಸ್ತೆ, ರೈಲು ಎರಡೂ ಮುಚ್ಚಿದಾಗ ವಿಮಾನದಲ್ಲಿ ಆಹಾರ, ಕಲ್ಲಿದ್ದಲು ಸಾಗಿಸಿದರು. ಬೇರೆ ಬೇರೆ ದೇಶಗಳ ಸಿಬ್ಬಂದಿ ಬೇರೆ ಬೇರೆ ಭಾಷೆಯಲ್ಲಿ, ಬೇರೆ ಬೇರೆ ನಮೂನೆಯಲ್ಲಿ ಸರಕಿನ ಪಟ್ಟಿ ಬರೆಯುತ್ತಿದ್ದರು. ಅಮೆರಿಕದ ಸೈನ್ಯದ ಎಡ್ವರ್ಡ್ ಗಿಲ್ಬರ್ಟ್ ಎಂಬುವರು ಟೆಲೆಕ್ಸ್, ರೇಡಿಯೊ, ಫೋನು ಯಾವುದರಲ್ಲಾದರೂ ಕಳಿಸಬಹುದಾದ ಒಂದೇ ನಮೂನೆಯ ಪಟ್ಟಿ ಮಾಡಿದರು. 1960ರ ದಶಕದಲ್ಲಿ ಅದೇ ಆಲೋಚನೆ ವ್ಯಾಪಾರಕ್ಕೆ ಬಂತು. ಅದರ ಹೆಸರೇ ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್, ಅಂದರೆ ಇಡಿಐ. 1979ರಲ್ಲಿ ಅಮೆರಿಕದಲ್ಲಿ ಎಕ್ಸ್12 ಎಂಬ ಮಾದರಿಗೆ ಸಮಿತಿ ಆಯಿತು, 1987ರಲ್ಲಿ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಮಾದರಿ ಅಂತರರಾಷ್ಟ್ರೀಯ ಮಾನಕವಾಯಿತು. ಈ ನಡುವೆ 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಮೊದಲ ಸಲ ಯಂತ್ರ ಓದಿತು.

ಇಡಿಐ ಅಂದರೆ ಇಷ್ಟೇ: ಅಂಗಡಿಯ ಕಂಪ್ಯೂಟರು ಬರೆದದ್ದನ್ನು ಪೂರೈಕೆದಾರನ ಕಂಪ್ಯೂಟರು, ನಡುವೆ ಮನುಷ್ಯ ಮತ್ತೆ ಟೈಪು ಮಾಡದ ಹಾಗೆ, ನೇರ ಓದಿಕೊಳ್ಳೋದು. ಎಡಿಫ್ಯಾಕ್ಟಿನಲ್ಲಿ ಆರ್ಡರಿಗೆ ಒಂದು ಸಂದೇಶ, ರವಾನೆಗೆ ಒಂದು, ಬಿಲ್ಲಿಗೆ ಒಂದು, ಸರಕು ಮುಟ್ಟಿದ್ದಕ್ಕೆ ಒಂದು, ಹಣ ಕೊಟ್ಟದ್ದಕ್ಕೆ ಒಂದು. ಎಣಿಸಿ ನೋಡಿ. ತಾತನ ತಂತಿಗೆ ಚುಚ್ಚಿದ ಐದೇ ಚೀಟಿಗಳು! ಇದನ್ನು ಓದಿದ ದಿನ ನಾನು ಲೈಬ್ರರಿಯಲ್ಲಿ ಒಬ್ಬಳೇ ನಕ್ಕಿದ್ದೇನೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಡಿಐ ಬೇಕಾದರೆ ಇಬ್ಬರೂ ಮೊದಲೇ ಒಂದೇ ನಮೂನೆಗೆ ಒಪ್ಪಿರಬೇಕು. ತಾತ ಮತ್ತು ಸಾಹುಕಾರರು ಒಪ್ಪಿದ್ದು ನಮೂನೆಗಲ್ಲ, ವರ್ಷಕ್ಕೊಂದು ದಿನ ಕೂತು ಮಾತಾಡೋದಕ್ಕೆ.

4. ನಮ್ಮ ದಾರಿಗೆ ಬಂದದ್ದು

ಭಾರತದಲ್ಲಿ ಇಡಿಐ ಮೊದಲು ಗಟ್ಟಿಯಾಗಿ ಕಾಲೂರಿದ್ದು ಬಂದರು, ವಿಮಾನ ನಿಲ್ದಾಣಗಳ ಕಸ್ಟಮ್ಸಿನಲ್ಲಿ, 1995ರಿಂದ. ಬಾರ್‌ಕೋಡಿನ ಸಂಖ್ಯೆ ಕೊಡುವ ಸಂಸ್ಥೆ, ಈಗಿನ ಜಿಎಸ್1 ಇಂಡಿಯಾ, 1996ರಲ್ಲಿ ಶುರುವಾಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಕಾಗದದಷ್ಟೇ ಕಾನೂನಿನ ಬೆಲೆ ಕೊಟ್ಟಿತು. ದೊಡ್ಡ ಕಂಪನಿಗಳು, ಸೂಪರ್ ಮಾರ್ಕೆಟ್ಟುಗಳು ತಮ್ಮೊಳಗೆ ಇದನ್ನು ಬಳಸಿಕೊಂಡವು. ನಮ್ಮಂಥ ಅಂಗಡಿಗೆ ಅದು ವ್ಯಾಪಾರದ ದಾರಿಯಿಂದ ಬರಲಿಲ್ಲ, ತೆರಿಗೆಯ ದಾರಿಯಿಂದ ಬಂತು. ಇದು ನಮ್ಮ ದೇಶದ ವಿಶೇಷ ಅಂತ ನನಗನ್ನಿಸುತ್ತದೆ.

ಇದರಲ್ಲಿ ಕರ್ನಾಟಕದ ಪಾಲು ದೊಡ್ಡದು. 2010ರ ಸುಮಾರಿಗೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ‘ಇ-ಸುಗಮ’ ತಂದಿತು. ಸರಕು ಹೊರಡುವ ಮೊದಲೇ ವಿವರವನ್ನು ಅಂತರಜಾಲದಲ್ಲಿ ತುಂಬಿಸಿ ಒಂದು ಸಂಖ್ಯೆ ಪಡೆಯೋದು, ಆ ಸಂಖ್ಯೆಯೇ ರಹದಾರಿ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಸಿ ಫಾರಂ ಕಾಟ ಹೆಚ್ಚಿನ ಸರಕುಗಳಿಗೆ ತೀರಿತು, ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಇಲ್ಲವಾದವು. ಇಡೀ ದೇಶದ ಇ-ವೇ ಬಿಲ್ಲನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ಕರ್ನಾಟಕದಲ್ಲೇ, 2017ರ ಸೆಪ್ಟೆಂಬರಿನಲ್ಲಿ. 2018ರ ಫೆಬ್ರವರಿ 1ಕ್ಕೆ ದೇಶವೆಲ್ಲ ಶುರು ಮಾಡಲು ಹೋಗಿ ಮೊದಲ ದಿನವೇ ಜಾಲತಾಣ ಕುಸಿಯಿತು. ಏಪ್ರಿಲ್ 1ಕ್ಕೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ, 50,000 ರೂಪಾಯಿಗೆ ಮೀರಿದ ಸರಕಿಗೆ ಅದು ಕಡ್ಡಾಯವಾಯಿತು.

ಅದರ ಮೇಲೆ ಇ-ಇನ್‌ವಾಯ್ಸ್. 2020ರ ಅಕ್ಟೋಬರ್ 1ರಿಂದ 500 ಕೋಟಿಗೆ ಮೇಲ್ಪಟ್ಟ ವಹಿವಾಟಿನವರಿಗೆ. ಆಮೇಲೆ ಆ ಮಿತಿ 100 ಕೋಟಿ, 50, 20, 10 ಅಂತ ಇಳಿಯುತ್ತಾ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂದು ನಿಂತಿತು. ಬಿಲ್ಲಿನ ವಿವರ ಸರ್ಕಾರದ ಪೋರ್ಟಲಿಗೆ ಹೋಗಿ, 64 ಅಕ್ಷರದ ಒಂದು ಸಂಖ್ಯೆ ಮತ್ತು ಕ್ಯೂಆರ್ ಚೌಕ ಹೊತ್ತುಕೊಂಡು ವಾಪಸ್ ಬರುತ್ತದೆ. ಈಗ ನಮ್ಮ ಅಂಗಡಿಗೆ ಬರುವ ಸೋಪಿನ ಸೇಲ್ಸ್‌ಮನ್ ಮೊಬೈಲಿನಲ್ಲಿ ಆರ್ಡರ್ ಒತ್ತುತ್ತಾನೆ. ಡಿಸ್ಟ್ರಿಬ್ಯೂಟರ ಬಿಲ್ಲು ಸರಕಿಗಿಂತ ಮೊದಲೇ ಚಿಕ್ಕಪ್ಪನ ಫೋನಿಗೆ ಬಂದಿರುತ್ತದೆ.

ಕಾಗದ ಓಡುತ್ತೆ, ಲಾರಿ ಮಾತ್ರ ಹಾಗಲ್ಲ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಕಾಡಿನ ಪ್ರಾಣಿಗಳ ಸಲುವಾಗಿ ಮಾಡಿದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಸೆಕೆಂಡಿನಲ್ಲಿ ಗಡಿ ದಾಟಿದ ಬಿಲ್ಲು ಬತ್ತೇರಿಯಲ್ಲಿ ಕಾಯ್ತಾ ಇರುತ್ತೆ, ಸರಕು ಕಾಡಿನ ಆಚೆ ಬದಿಯಲ್ಲಿ ಬೆಳಗಾಗೋದನ್ನು ಕಾಯ್ತಾ ಇರುತ್ತೆ. ತಾತನ ಮಾತು ತಿರುಗಿ ಬಿತ್ತು ಅಂತ ಚಿಕ್ಕಪ್ಪ ನಗುತ್ತಾರೆ.

5. ಭಾಷೆಗೆ ಏನಾಯಿತು

ತಾತನ ಪುಸ್ತಕದ ಭಾಷೆ ಕನ್ನಡ. ಕೊಳ್ಳುವವರ ಜೊತೆ ಆಡುತ್ತಿದ್ದದ್ದು ಮಲಯಾಳಂ. ಪುಸ್ತಕದಲ್ಲಿ ‘ಅರಿಶಿನ’, ಬಾಯಲ್ಲಿ ‘ಮಞ್ಞಳ್’. ಈಗಿನ ಬಿಲ್ಲಿನಲ್ಲಿ ಎರಡೂ ಇಲ್ಲ, 0910 ಎಂಬ ಸಂಕೇತ ಮತ್ತು ಇಂಗ್ಲಿಷ್ ಹೆಸರು. 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸರಕು ಪಟ್ಟಿಯ ಸಂಖ್ಯೆ ಅದು. ಮೊದಲ ನಾಲ್ಕು ಅಂಕಿ ಮಾತ್ರ ನೋಡಿದರೆ ಶುಂಠಿಯೂ ಅರಿಶಿನವೂ ಒಂದೇ. ಕಾಳುಮೆಣಸು, ಒಣಮೆಣಸಿನಕಾಯಿ ಎರಡೂ 0904. ಇಲ್ಲಿ ಒಂದು ತಮಾಷೆ ಇದೆ. ಪೋರ್ಚುಗೀಸರ ಕಾಲದಲ್ಲಿ ಹೊಸ ಕಾಯಿ ಬಂದಾಗ ಕನ್ನಡಿಗರೂ ಅದಕ್ಕೆ ಬೇರೆ ಹೆಸರು ಹುಡುಕದೆ, ಮೆಣಸಿನ ಪಕ್ಕದಲ್ಲೇ ಕೂರಿಸಿ ‘ಮೆಣಸಿನಕಾಯಿ’ ಅಂದರು. ಪಟ್ಟಿ ಮಾಡಿದವರೂ ಹಾಗೇ ಮಾಡಿದ್ದಾರೆ. ಹಾಗಾಗಿ ಸಂಕೇತಗಳೆಲ್ಲ ಭಾಷೆಯ ವೈರಿಗಳು ಅಂತ ನಾನು ಹೇಳೋದಿಲ್ಲ.

ಸಂಕೇತದಲ್ಲಿ ಜಾಗವಿಲ್ಲದ್ದು ಬೇರೆ ಒಂದು: ಅಂಚಿನ ಟಿಪ್ಪಣಿ. ತಾತನ ಪುಸ್ತಕದ ಎಡ ಅಂಚಿನಲ್ಲಿ ‘ಬಣ್ಣ ಕಮ್ಮಿ, ಹೇಳಿದ್ದೇನೆ’, ‘ಮಗಳ ಮದುವೆಯಂತೆ, ಈ ತಿಂಗಳು ಕೇಳಬಾರದು’, ‘ದರ ಅವರೇ ಇಳಿಸಿದರು’ ಎಂಬ ಸಾಲುಗಳಿವೆ. ನನ್ನ ಎಂ.ಎ. ಕಿರುಪ್ರಬಂಧಕ್ಕೆ ಇವೇ ಸಾಮಗ್ರಿ. ಕರ್ನಾಟಕದ ಹೊರಗೆ ಒಬ್ಬ ವ್ಯಾಪಾರಿ ಯಾರಿಗೂ ತೋರಿಸುವ ಉದ್ದೇಶವಿಲ್ಲದೆ ಬರೆದ ಕನ್ನಡ ಗದ್ಯ ಇದು.

6. ಬಾಕಿ

ಈಗ ಮೊದಲು ಹೇಳಿದ ಬಾಕಿಯ ವಿಷಯ. 2017ರ ಜೂನ್ 30ಕ್ಕೆ ತಾತ ಪುಸ್ತಕ ಮುಚ್ಚಿದರು. ಜುಲೈ 1ರಿಂದ ಚಿಕ್ಕಪ್ಪನ ಕಂಪ್ಯೂಟರು. ಆ ವರ್ಷ ತಾತನಿಗೆ ಆರೋಗ್ಯ ಕೆಟ್ಟಿತ್ತು. ದೀಪಾವಳಿಯ ಲೆಕ್ಕ ನಡೆಯಲಿಲ್ಲ. 2019ರಲ್ಲಿ ಅವರು ತೀರಿಕೊಂಡರು.

ಸಾಹುಕಾರರ ವ್ಯಾಪಾರ ಸಣ್ಣದು. ಜಿಎಸ್‌ಟಿಯ ನಿಯಮ ಹೀಗಿದೆ: ರಾಜ್ಯದೊಳಗೇ ಸರಕು ಮಾರುವವನಿಗೆ ವಹಿವಾಟು ಒಂದು ಮಿತಿ ದಾಟುವವರೆಗೆ ನೋಂದಣಿ ಬೇಡ. ಕರ್ನಾಟಕದಲ್ಲಿ 2019ರಿಂದ ಆ ಮಿತಿ 40 ಲಕ್ಷ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ, ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಸಣ್ಣವರಿಗಿರುವ ಕಾಂಪೊಸಿಷನ್ ಅನುಕೂಲವೂ ಅವರಿಗಿಲ್ಲ. ಗುಂಡ್ಲುಪೇಟೆಯಿಂದ ಮೈಸೂರಿಗೂ ಬತ್ತೇರಿಗೂ ಒಂದೇ ದೂರ ಅಂದೆನಲ್ಲ, ಈಗ ಒಂದೇ ದೂರ ಅಲ್ಲ. ಚೆಕ್‌ಪೋಸ್ಟು ಹೋಯಿತು, ಆದರೆ ಗಡಿ ಬಂದು ಬಿಲ್ಲಿನೊಳಗೆ ಕೂತಿತು.

ಅವರು ನಮಗೋಸ್ಕರವೇ ನೋಂದಣಿ ಮಾಡಿಸಿದ್ದರು. ಎಪ್ಪತ್ತು ದಾಟಿದವರು, ಲೆಕ್ಕ ತುಂಬಿಸೋದಕ್ಕೆ ಇನ್ನೊಬ್ಬರನ್ನು ನಂಬಬೇಕು, ತಡ ಆಗೋದು. 2022ರ ಜನವರಿಯಿಂದ ನಿಯಮ ಬಿಗಿಯಾಯಿತು. ಮಾರಿದವನು ತನ್ನ ಬಿಲ್ಲನ್ನು ಪೋರ್ಟಲಿಗೆ ಏರಿಸಿ, ಅದು ಕೊಂಡವನ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಕೊಂಡವನಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ಟು. ಆ ವರ್ಷ 40,000 ರೂಪಾಯಿಯ ಒಂದೊಂದು ಲೋಡಿಗೆ 5% ಲೆಕ್ಕದಲ್ಲಿ 2,000, ಮೂರು ಲೋಡಿಗೆ 6,000 ರೂಪಾಯಿ ಚಿಕ್ಕಪ್ಪನ ಪಟ್ಟಿಗೆ ಬರದೆ ನಿಂತಿತು. ನಮ್ಮಂಥ ಅಂಗಡಿಗೆ ಅದು ಸಣ್ಣ ಮೊತ್ತ ಅಲ್ಲ.

ಚಿಕ್ಕಪ್ಪ ಫೋನು ಮಾಡಿದ್ದು ನಾನು ಕೇಳಿಸಿಕೊಂಡೆ. ‘ಸಾಹುಕಾರ್ರೇ, ನಿಮ್ಮ ಮೇಲೆ ಅನುಮಾನ ಇಲ್ಲ. ಕಂಪ್ಯೂಟರಲ್ಲಿ ಬರ್ತಾ ಇಲ್ಲ ನೋಡಿ.’ ಆ ಕಡೆಯಿಂದ ಏನು ಹೇಳಿದರೋ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ, ನಿಮ್ಗೂ ತೊಂದ್ರೆ ಬೇಡ’ ಅಂದರು. ತಾತನ ಕಾಲದಿಂದ ಬರುತ್ತಿದ್ದ ಅರಿಶಿನ ಅಲ್ಲಿಗೆ ನಿಂತಿತು. ಜಗಳ ಆಗಲಿಲ್ಲ. ಜಗಳ ಆಗಿದ್ದರೆ ಕೂತು ಮಾತಾಡೋರೇನೋ.

ಕಿರುಪ್ರಬಂಧಕ್ಕೆ ಅಂತ ತಾತನ ಕೊನೆಯ ಪುಸ್ತಕ ಓದುವಾಗ ಸಾಹುಕಾರರ ಪುಟದ ಕೊನೆಯಲ್ಲಿ ‘ಕೊಡಬೇಕಾದ ಬಾಕಿ 1,840’ ಅಂತ ಸಿಕ್ಕಿತು. ಚಿಕ್ಕಪ್ಪನಿಗೆ ತೋರಿಸಿದೆ. ನೋಡಿದರು, ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಹಣ ಕೈಗಿಟ್ಟು, ‘ಪುಸ್ತಕ ತಗೊಂಡು ಹೋಗು, ಬರೀ ಹಣ ಕೊಟ್ಟರೆ ಅವರು ತಗೊಳಲ್ಲ’ ಅಂದರು.

ಬಸ್ಸಿನಲ್ಲಿ ಹೋದೆ. ಅಂಗಡಿ ಇದೆ, ಈಗ ಊರಿನ ವ್ಯಾಪಾರ ಮಾತ್ರ, ನೋಂದಣಿ ಬಿಟ್ಟುಬಿಟ್ಟಿದ್ದಾರೆ. ಅವರು ತಮ್ಮ ಪುಸ್ತಕ ತೆಗೆದರು. ಅದರಲ್ಲಿ ನಮ್ಮ ಬಾಕಿ 2,310. ನನಗೆ ಕೈಕಾಲು ತಣ್ಣಗಾಯಿತು. ‘ಕೂತ್ಕೊ ತಾಯಿ, ಓದು’ ಅಂದರು. ನಾನು ಓದಿದೆ, ಅವರು ‘ಸರಿ’ ಅಂದರು. ಜೂನ್ ತಿಂಗಳ ಸಾಲಿಗೆ ಬಂದಾಗ ತಾತನ ಅಂಚಿನಲ್ಲಿ ‘ಮೆಣಸಿನಕಾಯಿ 10 ಕಿಲೋ ಮಳೆಗೆ ನೆನೆದದ್ದು, ವಾಪಸ್, ದರ 47’ ಅಂತ ಇತ್ತು. ಅವರ ಪುಸ್ತಕದಲ್ಲಿ ಇರಲಿಲ್ಲ. 470 ರೂಪಾಯಿ, ಸರಿಯಾಗಿ ಅಷ್ಟೇ ವ್ಯತ್ಯಾಸ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ನಿಮ್ಮ ತಾತ ಬರೆದಿದ್ರೆ ಬಂದಿರ್ತದೆ, ನಾನೇ ಏರಿಸಿಲ್ಲ’ ಅಂತ ಹೇಳಿ, ಪೆನ್ನು ತಗೊಂಡು ತಮ್ಮ ಪುಟದಲ್ಲಿ 470 ಕಳೆದರು. 1,840 ಎಣಿಸಿಕೊಂಡರು. ಎರಡು ಪುಸ್ತಕದಲ್ಲೂ ‘ಚುಕ್ತಾ’ ಅಂತ ಬರೆದರು. ನಮ್ಮ ಪುಸ್ತಕದಲ್ಲಿ ಸಾಹುಕಾರರ ಕೈಬರಹ ಅದೊಂದೇ ಕಡೆ ಇದೆ.

ಇಷ್ಟು ನನ್ನ ಪ್ರಬಂಧ.

ಚರ್ಚೆ

ಪ್ರಶ್ನೆ: ಹಳೆಯದನ್ನು ಚಂದ ಮಾಡಿ ತೋರಿಸುತ್ತಿದ್ದೀರಿ ಅನ್ನಿಸುತ್ತದೆ. ಕೈಬರಹದ ಲೆಕ್ಕದಲ್ಲಿ ಮೋಸ ಇರಲಿಲ್ಲವೇ?

ಉತ್ತರ: ಇತ್ತು, ಖಂಡಿತ. ನಮ್ಮಲ್ಲಿ ‘ಬಿಳಿ ಚೀಟಿ’ ಅನ್ನೋ ಮಾತೇ ಇದೆ. ಮಾರುಕಟ್ಟೆಯ ಲೆಕ್ಕಕ್ಕೆ ಸೇರದ ಹಾಗೆ ರೈತನ ಕೈಗೆ ಕೊಡುವ ತುಂಡು ಕಾಗದ. ಅದರಿಂದ ನಷ್ಟವಾಗಿದ್ದು ರೈತರಿಗೇ. ಸಿ ಫಾರಂ ಕಾಲಕ್ಕೆ ವಾಪಸ್ ಹೋಗ್ತೀರಾ ಅಂತ ಕೇಳಿದರೆ ಚಿಕ್ಕಪ್ಪ ಕೈ ಮುಗೀತಾರೆ. ನಾನು ಹೇಳೋದು ಇಷ್ಟೇ: ಎರಡು ಪುಸ್ತಕ ಸರಿಬಾರದಾಗ ಏನು ಮಾಡಬೇಕು ಅನ್ನೋದಕ್ಕೆ ಹಳೆಯ ವ್ಯವಸ್ಥೆಯಲ್ಲಿ ಒಂದು ದಿನ ಮೀಸಲಿತ್ತು. ಈಗಿನದರಲ್ಲಿ ಸರಿಬಾರದ ಸಾಲು ಪಟ್ಟಿಯಿಂದ ಆಚೆ ಉಳಿದುಬಿಡುತ್ತದೆ. ಅದರ ಜೊತೆ ಮನುಷ್ಯರೂ.

ಪ್ರಶ್ನೆ: ಬಿಲ್ಲುಗಳು ಕನ್ನಡ, ಮಲಯಾಳಂನಲ್ಲೂ ಬಂದರೆ ಸಮಸ್ಯೆ ತೀರುತ್ತದೆಯೇ?

ಉತ್ತರ: ಅರ್ಧ ತೀರಬಹುದು. ಸಾಹುಕಾರರಿಗೆ ಪೋರ್ಟಲು ಓದೋಕೆ ಬಂದಿದ್ದರೆ ಇನ್ನೊಬ್ಬರಿಗೆ ಕಾಯಬೇಕಾಗಿರಲಿಲ್ಲ. ಉಳಿದರ್ಧ ಗಡಿಯ ನಿಯಮದ್ದು, ಅದು ಭಾಷೆ ಬದಲಾದರೆ ಬದಲಾಗಲ್ಲ.

ಪ್ರಶ್ನೆ: ತಾತನ ಪುಸ್ತಕಗಳನ್ನು ಏನು ಮಾಡುತ್ತೀರಿ?

ಉತ್ತರ: ಒಟ್ಟು 23 ಇವೆ. ಕೆಲವು ಗೆದ್ದಲು ಹಿಡಿದಿವೆ. ಈ ಮಳೆಗಾಲ ಮುಗಿಯೋದರೊಳಗೆ ಪುಟಪುಟ ಫೋಟೋ ತೆಗೀಬೇಕು ಅಂತಿದ್ದೀನಿ. ಸಾಹುಕಾರರೂ ತಮ್ಮವನ್ನು ಕೊಡ್ತೀನಿ ಅಂದಿದ್ದಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ: ದೀಪಾವಳಿ ಆದ ಮೇಲೆ ಅವರೇ ಬತ್ತೇರಿಗೆ ತಂದುಕೊಡ್ತಾರಂತೆ, ನಾನು ಹೋಗಿ ತರಬಾರದಂತೆ. ಚಿಕ್ಕಪ್ಪನಿಗೆ ಹೇಳಿದೆ. ‘ಬರಲಿ, ಎರಡು ಚೀಲ ಅರಿಶಿನ ಇದ್ರೆ ತರೋಕೆ ಹೇಳು’ ಅಂದರು. ಬಿಲ್ಲು ಹೇಗೆ ಅಂತ ನಾನು ಕೇಳೋದಕ್ಕೆ ಹೋಗಲಿಲ್ಲ.